ಪತ್ರಿಕೆಯ ಲೆಕ್ಕವೂ ಅಡುಗೆಮನೆಯ ಲೆಕ್ಕವೂ

(ಪೈವಳಿಕೆಯಲ್ಲಿ ಭಾನುವಾರದ ಪೂಜೆಯ ನಂತರ ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ. ಅಂದು ಬರಲಾಗದ ಬಂಧುಗಳ ಕೋರಿಕೆಯಂತೆ ಇಲ್ಲಿ ಅಚ್ಚಾಗಿದೆ.)



ಅರ್ಥಶಾಸ್ತ್ರ ಓದುವವರಿಗೆ ಅರ್ಥಶಾಸ್ತ್ರದ ಸುದ್ದಿ ವಿವರಿಸಿ ಹೇಳಬೇಕೆಂದು ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದ ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ಇದು ಇಗರ್ಜಿಯ ಗುರುಗಳ ಧೈರ್ಯವೆನ್ನಬೇಕು. ನಿಮ್ಮ ಪುಸ್ತಕದಲ್ಲಿರುವ ರೇಖೆಗಳನ್ನು ಬೋರ್ಡಿನ ಮೇಲೆ ಎಳೆಯಲು ನಮಗೆ ಬಾರದು. ಆದರೆ ಆ ರೇಖೆಗಳು ಮೇಲೆ ಕೆಳಗೆ ಹೋದಾಗ ಲೈನು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲೆವು. ಅಲ್ಲದೆ ಕಳೆದ ವರ್ಷ ನಮಗೊಂದು ಅವಮಾನವಾಯಿತು. ಅದರಿಂದ ನಾವು ಕಲಿತದ್ದನ್ನು ನಿಮಗೆ ಹೇಳದೆ ಇಟ್ಟುಕೊಂಡರೆ ತಪ್ಪಾದೀತು.

2025ರ ನವೆಂಬರ್ ತಿಂಗಳು. ಒಂದು ತೋಟದ ಕಚೇರಿಯಲ್ಲಿ ಕೂಲಿ ಏರಿಕೆಯ ಮಾತುಕತೆಗೆ ಯೂನಿಯನ್ ಕಡೆಯಿಂದ ನಾಲ್ಕು ಮಂದಿ ಹೋಗಿದ್ದೆವು. ತೋಟದ ಹೆಸರು ಇಲ್ಲಿ ಬೇಡ. ನಾವು ಬೆಲೆಯೇರಿಕೆಯ ಮಾತು ತೆಗೆದೆವು. ಆಗ ಮೇಜಿನ ಆಚೆಗಿದ್ದವರು ಅಂದಿನ ಪತ್ರಿಕೆಯನ್ನು ಮಡಚಿ ನಮ್ಮ ಮುಂದೆ ಸರಿಸಿದರು. "ನೀವೇ ಓದಿ. ದೇಶದಲ್ಲಿ ಹಣದುಬ್ಬರ ಶೇಕಡಾ ಕಾಲು. ಬೆಲೆಯೇ ಏರಲಿಲ್ಲ ಎಂದು ಸರಕಾರ ಹೇಳುತ್ತದೆ. ಇನ್ನು ನಿಮಗೆ ಯಾವ ತುಟ್ಟಿಯ ಲೆಕ್ಕದಲ್ಲಿ ಕೊಡಬೇಕು?" ಎಂದು ಕೇಳಿದರು. ಅವರು ಸುಳ್ಳು ಹೇಳಲಿಲ್ಲ. ಪತ್ರಿಕೆಯಲ್ಲಿ ಹಾಗೆಯೇ ಇತ್ತು. 2025ರ ಅಕ್ಟೋಬರ್ ತಿಂಗಳ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಹಣದುಬ್ಬರ 0.25 ಶೇಕಡಾ. 2012ನ್ನು ಮೂಲ ವರ್ಷವಾಗಿಟ್ಟ ಆ ಸರಣಿಯಲ್ಲಿ ಅಷ್ಟು ಕಡಿಮೆ ಅಂಕೆ ಹಿಂದೆಂದೂ ಬಂದಿರಲಿಲ್ಲ. ಅದೇ ವಾರ ನಮ್ಮ ಮನೆಯಲ್ಲಿ ತೆಂಗಿನೆಣ್ಣೆಯ ಬಾಟ್ಲಿಯನ್ನು ಬೋರಲು ಹಾಕಿ ಕೊನೆಯ ತೊಟ್ಟು ಇಳಿಸುತ್ತಿದ್ದರು. ಅದು ನಮಗೆ ಗೊತ್ತಿತ್ತು. ಆದರೆ ಅಚ್ಚಾದ ಅಂಕೆಯ ಎದುರು ಬಾಟ್ಲಿಯ ಮಾತು ಹೇಳಲು ನಾಲಿಗೆ ಏಳಲಿಲ್ಲ. ನಾಲ್ವರೂ ಚಹಾ ಕುಡಿದು ಎದ್ದು ಬಂದೆವು.

ಅಂದು ಸಂಜೆ ಜಪಸರಕ್ಕೆ ಒಂದು ಮನೆಗೆ ಹೋಗಿದ್ದೆವು. ತಾಯಿ ತೋಟದಲ್ಲಿ ರಬ್ಬರ್ ಹಾಲು ತೆಗೆಯುವವರು. ಮಗಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಆಕೆ ಈಗ ಇಲ್ಲೇ ಕುಳಿತಿದ್ದಾಳೆ, ಹೆಸರು ಹೇಳಬಾರದೆಂದು ಮೊದಲೇ ಕಣ್ಣು ಬಿಟ್ಟು ಹೆದರಿಸಿದ್ದಾಳೆ. ನಾವು ಕಚೇರಿಯ ಕತೆ ಹೇಳಿದಾಗ ಆಕೆ ಮೊಬೈಲಿನಲ್ಲಿ ಸರಕಾರದ ಅದೇ ಪ್ರಕಟಣೆಯನ್ನು ಹುಡುಕಿ ತೆಗೆದಳು. ಪತ್ರಿಕೆಯವರು ಮೊದಲ ಪುಟದ ಸಂಖ್ಯೆಯನ್ನು ಮಾತ್ರ ಅಚ್ಚು ಹಾಕಿದ್ದರು. ಮುಂದಕ್ಕೆ ರಾಜ್ಯವಾರು ಪಟ್ಟಿ ಇತ್ತು. "ಮಾಸ್ಟ್ರೇ, ಕೇರಳದ್ದು 8.56" ಎಂದಳು. ನಾವು ನಂಬಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆವು. ದೇಶಕ್ಕೆ ಕಾಲು ಶೇಕಡಾ, ಕೇರಳಕ್ಕೆ ಎಂಟೂವರೆಯ ಮೇಲೆ. ಅದರ ಹಿಂದಿನ ತಿಂಗಳು, ಸೆಪ್ಟೆಂಬರಿನಲ್ಲಿ, ದೇಶಕ್ಕೆ 1.54 ಇದ್ದಾಗ ಕೇರಳಕ್ಕೆ 9.05. ರಾಜ್ಯಗಳ ಪಟ್ಟಿಯಲ್ಲಿ ಎರಡೂ ತಿಂಗಳು ಕೇರಳವೇ ಎಲ್ಲರಿಗಿಂತ ಮೇಲೆ.

ಈಗ ಲೆಕ್ಕ ಹಾಕಿ. ದಿನಗೂಲಿ 500 ರೂಪಾಯಿ ಎಂದು ಸುಮ್ಮನೆ ಇಟ್ಟುಕೊಳ್ಳೋಣ. ಪತ್ರಿಕೆಯ ಅಂಕೆ ಹಿಡಿದರೆ ಹಿಂದಿನ ವರ್ಷದಷ್ಟೇ ಸಾಮಾನು ಕೊಳ್ಳಲು ಒಂದೂಕಾಲು ರೂಪಾಯಿ ಹೆಚ್ಚು ಸಿಕ್ಕಿದರೆ ಸಾಕು. ಕೇರಳದ ಅಂಕೆ ಹಿಡಿದರೆ ಸುಮಾರು 43 ರೂಪಾಯಿ ಬೇಕು. ತಿಂಗಳಿಗೆ 24 ದಿನ ಮಸ್ಟರ್ ಬಿದ್ದರೆ ಒಂದು ಕಡೆ 30 ರೂಪಾಯಿ, ಇನ್ನೊಂದು ಕಡೆ ಸಾವಿರದ ಮೇಲೆ. ಒಂದೇ ಪ್ರಕಟಣೆಯ ಎರಡು ಪುಟಗಳ ನಡುವೆ ಒಂದು ಮನೆಯ ತಿಂಗಳ ಅಕ್ಕಿ ಮೀನು ಅಡಗಿ ಕುಳಿತಿತ್ತು. ನಮ್ಮ ಯೂನಿಯನ್ನಿನ ಇಷ್ಟು ವರ್ಷದ ಅನುಭವ ಆ ಪುಟವನ್ನು ತಿರುವಲಿಲ್ಲ. ಇಪ್ಪತ್ತರ ಹುಡುಗಿ ತಿರುವಿದಳು.

ಆದ್ದರಿಂದ ಇಂದು ಅದೊಂದೇ ಅಂಕೆಯನ್ನು ಬಿಡಿಸಿ ನೋಡೋಣ. ರಿಸರ್ವ್ ಬ್ಯಾಂಕು, ಶೇರು ಪೇಟೆ, ಡಾಲರು ಎಲ್ಲ ಇನ್ನೊಮ್ಮೆ.

ಮೊದಲನೆಯದಾಗಿ, ಹಣದುಬ್ಬರ ಕಡಿಮೆಯಾಯಿತು ಎಂದರೆ ಬೆಲೆ ಇಳಿಯಿತು ಎಂದು ಅರ್ಥವಲ್ಲ. ಇದು ನಿಮಗೆ ಪಾಠದಲ್ಲಿ ಬಂದಿದೆ, ಆದರೂ ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿದಿರಾ? ಹತ್ತಿದ ಮರದಿಂದ ಇಳಿಯುವುದು ಬೇರೆ, ಮರದ ಮೇಲೆಯೇ ನಿಂತು ದಣಿವಾರಿಸಿಕೊಳ್ಳುವುದು ಬೇರೆ. ಶೇಕಡಾ ಕಾಲು ಎಂದರೆ ಹಿಂದಿನ ವರ್ಷ ಇದೇ ತಿಂಗಳು ಎಷ್ಟು ಎತ್ತರದಲ್ಲಿ ಇದ್ದೆವೋ ಅದಕ್ಕಿಂತ ಅಷ್ಟು ಮೇಲೆ ಎಂದರ್ಥ. ಹಿಂದಿನ ವರ್ಷ ಎಲ್ಲಿದ್ದೆವು? 2024ರ ಅಕ್ಟೋಬರಿನಲ್ಲಿ ದೇಶದ ಹಣದುಬ್ಬರ 6.21. ತರಕಾರಿಯೊಂದೇ ಅದರ ಹಿಂದಿನ ವರ್ಷಕ್ಕಿಂತ 42 ಶೇಕಡಾ ಏರಿತ್ತು. ಟೊಮೆಟೊ, ನೀರುಳ್ಳಿಗೆ ಆಗ ಕೈ ಹಾಕಲಾಗುತ್ತಿರಲಿಲ್ಲ, ನೆನಪಿದೆಯಲ್ಲ? 2025ರ ಅಕ್ಟೋಬರಿನಲ್ಲಿ ಅದೇ ತರಕಾರಿ ಸುಮಾರು 27.5 ಶೇಕಡಾ ಇಳಿಯಿತು. ಕೇಳಲು ದೊಡ್ಡ ಇಳಿಕೆ. ಕಾಗದದ ಮೇಲೆ ಮಾಡಿ ನೋಡಿ: 100 ರೂಪಾಯಿಯ ತರಕಾರಿ 142 ಆಯಿತು. 142ರಿಂದ ಇಪ್ಪತ್ತೇಳೂವರೆ ಶೇಕಡಾ ಕಳೆದರೆ 103. ಅಂದರೆ ಎರಡು ವರ್ಷ ಸುತ್ತಾಡಿ ಹೊರಟಲ್ಲಿಗಿಂತ ಮೂರು ರೂಪಾಯಿ ಮೇಲೆ ಬಂದು ನಿಂತೆವು. ನಡುವಿನ ವರ್ಷ 142 ಕೊಟ್ಟದ್ದನ್ನು ಯಾರೂ ಹಿಂದೆ ಕೊಡುವುದಿಲ್ಲ. ಅದು ಅಂಗಡಿಯ ಸಾಲದ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ.

ಎರಡನೆಯದು ನಮಗೆ ಹೆಚ್ಚು ಮುಖ್ಯ. ಸೂಚ್ಯಂಕ ಎಂದರೆ ಒಂದು ಬುಟ್ಟಿ. ಸರಕಾರದವರು ಸಾವಿರಾರು ಮನೆಗಳಲ್ಲಿ ಖರ್ಚಿನ ವಿವರ ಕೇಳಿ, ಸರಾಸರಿ ಮನೆಯೊಂದು ನೂರು ರೂಪಾಯಿಯಲ್ಲಿ ಆಹಾರಕ್ಕೆ ಎಷ್ಟು, ಬಟ್ಟೆಗೆ ಎಷ್ಟು, ಔಷಧಕ್ಕೆ ಎಷ್ಟು, ಬಸ್ಸಿಗೆ ಎಷ್ಟು ಹಾಕುತ್ತದೆ ಎಂದು ಗೊತ್ತುಮಾಡುತ್ತಾರೆ. ಇದಕ್ಕೆ ತೂಕ ಎನ್ನುತ್ತಾರೆ. ಮತ್ತೆ ತಿಂಗಳು ತಿಂಗಳು ಅದೇ ಬುಟ್ಟಿಗೆ ಬೆಲೆ ಕಟ್ಟುತ್ತಾರೆ. 2012ರ ಸರಣಿಯಲ್ಲಿ ಆಹಾರ ಪಾನೀಯಗಳಿಗೆ ನೂರರಲ್ಲಿ ಸುಮಾರು 46 ತೂಕವಿತ್ತು. ಹಳ್ಳಿಗಳನ್ನು ಮಾತ್ರ ತೆಗೆದರೆ 54. 2026ರ ಫೆಬ್ರವರಿಯಲ್ಲಿ 2024ನ್ನು ಮೂಲ ವರ್ಷ ಮಾಡಿ ಹೊಸ ಸರಣಿ ತಂದಿದ್ದಾರೆ. ಅದರಲ್ಲಿ ಆಹಾರದ ತೂಕ ಒಟ್ಟಾರೆ 37ರ ಹತ್ತಿರಕ್ಕೆ ಇಳಿಯಿತು. ಜನರ ಖರ್ಚು ಬದಲಾಗಿದೆ, ಬುಟ್ಟಿ ಬದಲಾಗಬೇಕಾದದ್ದೇ. ಇದರಲ್ಲಿ ಮೋಸ ಹುಡುಕುವುದು ಬೇಡ. ಆದರೆ ಒಬ್ಬರ ಮನೆಯಲ್ಲಿ ನೂರರಲ್ಲಿ ಅರುವತ್ತು ಹೊಟ್ಟೆಗೇ ಹೋಗುತ್ತಿದ್ದರೆ ಆ ಮನೆಯ ಲೆಕ್ಕ ಈ ಸರಾಸರಿಯಿಂದ ದೂರ ಸರಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಬುಟ್ಟಿ ಹಳತಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಒಂದು ಉದಾಹರಣೆ ಇದೆ. ತೊಳಿಲುರಪ್ಪು ಕೆಲಸಕ್ಕೆ ಹೋದ ತಾಯಂದಿರು ಇಲ್ಲಿ ಹಲವರಿದ್ದೀರಿ. 2005ರ ಕಾನೂನಿನ ಆ ಯೋಜನೆಯಲ್ಲಿ ಕೂಲಿಯನ್ನು ವರ್ಷ ವರ್ಷ ಏರಿಸುತ್ತಿದ್ದದ್ದು ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿ. ಕೇರಳದಲ್ಲಿ 2024-25ರಲ್ಲಿ 346 ರೂಪಾಯಿ ಇದ್ದದ್ದು 2025-26ರಲ್ಲಿ 369 ಆಯಿತು. ಆ ಸೂಚ್ಯಂಕದ ಮೂಲ ವರ್ಷ 1986-87. ಅದರ ಬುಟ್ಟಿಯನ್ನು ಹೆಣೆದದ್ದು 1983ರ ಸಮೀಕ್ಷೆಯಿಂದ. ನೂರರಲ್ಲಿ ಸುಮಾರು 69 ತೂಕ ಆಹಾರಕ್ಕೆ! 1983ರಲ್ಲಿ ನಿಮ್ಮ ಅಜ್ಜಿಯ ಮನೆಯಲ್ಲಿ ಮೊಬೈಲ್ ಇತ್ತೇ? ದೇರಳಕಟ್ಟೆಯ ಆಸ್ಪತ್ರೆಗೆ ಸ್ಕ್ಯಾನಿಂಗಿಗೆ ಹೋಗುವುದಿತ್ತೇ? ನಾವಾಗ ಚಡ್ಡಿ ಹಾಕಿದ ಮಗು. ಆ ಬುಟ್ಟಿಯನ್ನೇ ಹಿಡಿದು ದಶಕಗಟ್ಟಲೆ ಕೂಲಿಕಾರನ ತುಟ್ಟಿ ಅಳೆದರು. 2025ರಲ್ಲಿ ಮಾತ್ರ ಅದನ್ನು 2019ನ್ನು ಮೂಲ ವರ್ಷವಾಗಿಟ್ಟು ಹೊಸದು ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು 2005ರ ಕಾನೂನಿನ ಜಾಗದಲ್ಲಿ ಬೇರೊಂದನ್ನು ತಂದಿತು. ಬುಟ್ಟಿ ಸರಿಯಾಗುವಾಗ ಯೋಜನೆಯೇ ಬೇರೆಯಾಯಿತು. ನಮ್ಮ ಹಣೆಬರಹ ಎನ್ನೋಣವೇ? ಕ್ರೈಸ್ತರು ಹಣೆಬರಹ ಎನ್ನಬಾರದು, ಕ್ಷಮಿಸಿ.

ಇಲ್ಲಿ ನಿಮ್ಮಲ್ಲೊಬ್ಬ ಹುಡುಗ ಕಳೆದ ವಾರ ಕೇಳಿದ ಪ್ರಶ್ನೆಗೆ ಬರುತ್ತೇವೆ. ಆ ಅಕ್ಟೋಬರಿನಲ್ಲಿ ಕೇರಳಕ್ಕೆ 8.56, ಕರ್ನಾಟಕಕ್ಕೆ 2.34. ಬಾಯಾರು ದಾಟಿ ಕನ್ಯಾನಕ್ಕೆ ಹೋದರೆ ಕರ್ನಾಟಕ. "ಹಾಗಾದರೆ ಕನ್ಯಾನದ ಅಂಗಡಿಯಲ್ಲಿ ಎಲ್ಲ ಅಗ್ಗವೋ?" ಎಂದು ಕೇಳಿದ್ದ. ಬಹಳ ಒಳ್ಳೆಯ ಪ್ರಶ್ನೆ. ಮಕ್ಕಳೇ, ನೀವೇ ಹೋಗಿ ನೋಡಿ ಬನ್ನಿ. ತೆಂಗಿನೆಣ್ಣೆಗೆ ಅಲ್ಲೂ ಹೆಚ್ಚುಕಡಿಮೆ ಅದೇ ಧಾರಣೆ, ಕುಚ್ಚಲಕ್ಕಿಗೂ ಹಾಗೆಯೇ, ಬಂಗುಡೆಯಂತೂ ಒಂದೇ ಸಮುದ್ರದಿಂದ ಬಂದದ್ದು. ಗಡಿಯ ಕಲ್ಲು ಬೆಲೆಯನ್ನು ತಡೆಯುವುದಿಲ್ಲ. ಬೇರೆಯಾಗಿರುವುದು ಬುಟ್ಟಿ. ಕೇರಳದ ಬುಟ್ಟಿಯಲ್ಲಿ ತೆಂಗಿನೆಣ್ಣೆ ದೊಡ್ಡದಾಗಿ ಕುಳಿತಿದೆ. ಕರ್ನಾಟಕದ ಬುಟ್ಟಿಯಲ್ಲಿ ಬೀದರ ರಾಯಚೂರಿನ ಜೋಳವೂ ಇದೆ, ಸೂರ್ಯಕಾಂತಿ ಎಣ್ಣೆಯೂ ಇದೆ. ಕನ್ಯಾನದ ತಾಯಿ ನಮ್ಮ ಹಾಗೆಯೇ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾಳೆ, ಆದರೆ ಆಕೆಯ ಒಗ್ಗರಣೆ ಅಷ್ಟು ದೊಡ್ಡ ರಾಜ್ಯದ ಸರಾಸರಿಯಲ್ಲಿ ಮುಳುಗಿ ಹೋಗುತ್ತದೆ. ಅಲ್ಲಿಯ ಕೂಲಿಕಾರನೊಬ್ಬನಿಗೆ ಅವನ ಧಣಿ 2.34 ತೋರಿಸಿದರೆ ಅವನ ಸಂಕಟ ನಮಗಿಂತ ಹೆಚ್ಚು. ನಮಗೆ ರಾಜ್ಯದ ಅಂಕೆಯಾದರೂ ಜೊತೆಗಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಗಡಿಯಿಂದ ನಮಗೆ ಲಾಭವಾದ ಸಂಗತಿ ಎಣಿಸಿದರೆ ಇದೂ ಒಂದಿರಬಹುದು! (ನಗೆ)

ತೆಂಗಿನೆಣ್ಣೆಯ ವಿಷಯ ಸ್ವಲ್ಪ ನಿಂತು ಹೇಳಬೇಕು. 2025ರ ಆರಂಭದಲ್ಲಿ ಕಿಲೋಗೆ 250ರಿಂದ 280ರ ಆಸುಪಾಸಿನಲ್ಲಿ ಸಿಗುತ್ತಿದ್ದದ್ದು ಓಣಂಗೆ ಮುಂಚೆ 450 ದಾಟಿತು. ತೆಂಗು ಬೆಳೆಯುವ ಕಡೆಗಳಲ್ಲಿ ಬಿಸಿಲಿನ ಹೊಡೆತ, ಬಿಳಿ ನೊಣದ ಕಾಟ, ರೋಗ ಬಂದ ಮರಗಳು. ಎಳನೀರಿಗೆಂದು ಕೊಯ್ದ ಕಾಯಿ ಕೊಬ್ಬರಿಯಾಗುವುದಿಲ್ಲ. ಹೊರದೇಶಗಳಲ್ಲೂ ಅಭಾವ. ಕಾರಣ ಒಂದಲ್ಲ. ಇದನ್ನು ಹೇಳುವಾಗ ಮುಂದಿನ ಸಾಲಿನ ಒಬ್ಬಳು ಕೈ ಎತ್ತಿ, "ನಮ್ಮ ಮನೆಯಲ್ಲಿ ಐದು ತೆಂಗಿನ ಮರ ಇದೆ, ನಮಗೆ ಒಳ್ಳೆಯದೇ ಆಯಿತು" ಎಂದಳು. ಪ್ರಾಮಾಣಿಕ ಮಾತು. ಬೆಲೆಯೇರಿಕೆ ಎಂದರೆ ಎಲ್ಲರ ನಷ್ಟ ಎಂದು ನಾವು ಯೂನಿಯನ್ ಸಭೆಗಳಲ್ಲಿ ಕೂಗುತ್ತೇವೆ, ಅದು ಪೂರ್ತಿ ಸರಿಯಲ್ಲ. ಕೊಟ್ಟವನ ಕೈಯಿಂದ ಹೋದ ರೂಪಾಯಿ ಇನ್ನೊಬ್ಬನ ಕೈಗೆ ಬಂದಿರುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಎರಡು ಮರ ಇರುವವನು ಆ ವರ್ಷ ಉಸಿರು ಬಿಟ್ಟ. ಮರ ಹತ್ತುವವರಿಗೂ ಕೆಲಸ ಬಂತು. ಲೈನು ಮನೆಯಲ್ಲಿರುವವನಿಗೆ ಅಂಗಳದಲ್ಲಿ ಒಂದು ಮರವೂ ತನ್ನದಲ್ಲ. ಅವನು ಬರೀ ಕೊಳ್ಳುವವನು. ಅಂಕೆ ಇದನ್ನು ಹೇಳುವುದಿಲ್ಲ. ಯಾರ ಅಂಗಳ ಎಂದು ನೀವು ಕೇಳಬೇಕು.

ಇನ್ನೊಂದು ಪ್ರಾಮಾಣಿಕ ಮಾತನ್ನೂ ಹೇಳಿಬಿಡುತ್ತೇವೆ. 8.56 ನಮ್ಮ ಪಕ್ಷದ ಅಂಕೆ ಎಂದು ಸಂತೋಷಪಟ್ಟು ಮರುದಿನವೇ ಕಚೇರಿಗೆ ಓಡಬೇಕೆಂದಿದ್ದೆವು. ಅದೇ ಹುಡುಗಿ ತಡೆದಳು. "ಇದರಲ್ಲಿ ಚಿನ್ನ ಇದೆ, ಮಾಸ್ಟ್ರೇ" ಎಂದಳು. ನಿಜವೇ. 2025ರ ಜನವರಿಯಲ್ಲಿ ಪವನಿಗೆ 57 ಸಾವಿರ ಇದ್ದ ಚಿನ್ನ ಅಕ್ಟೋಬರಿನಲ್ಲಿ 97 ಸಾವಿರ ಮುಟ್ಟಿತು. ಡಿಸೆಂಬರಿನಲ್ಲಿ ಲಕ್ಷ ದಾಟಿತು. ಕೇರಳದವರು ಚಿನ್ನ ಕೊಳ್ಳುವವರು, ಆದುದರಿಂದ ಇಲ್ಲಿಯ ಸೂಚ್ಯಂಕವನ್ನು ಅದು ಜಗ್ಗಿ ಮೇಲೆಳೆಯುತ್ತದೆ. ತೋಟದ ಮನೆಯಲ್ಲಿ ಆ ವರ್ಷ ಯಾರು ಪವನು ಕೊಂಡರು? ಇದ್ದ ಬೆಂಡೋಲೆ ಬ್ಯಾಂಕಿನಲ್ಲಿದೆ. ಅಂದರೆ 0.25 ನಮ್ಮ ಅಂಕೆಯಲ್ಲ, 8.56 ಕೂಡ ಪೂರ್ತಿಯಾಗಿ ನಮ್ಮದಲ್ಲ. ಎದುರಿನವರ ಅಂಕೆಯನ್ನು ಬಿಡಿಸಿ ನೋಡುವವರು ನಮ್ಮ ಅಂಕೆಯನ್ನೂ ಬಿಡಿಸಿ ನೋಡಬೇಕು, ಇಲ್ಲವಾದರೆ ಮುಂದಿನ ಸಭೆಯಲ್ಲಿ ಅವರೇ ಬಿಡಿಸಿ ತೋರಿಸುತ್ತಾರೆ.

ಆಗ ಆಕೆ ಕೇಳಿದಳು: "ಒಪ್ಪಂದದಲ್ಲಿ ತುಟ್ಟಿಭತ್ತೆಗೆ ಯಾವ ಸೂಚ್ಯಂಕ ಎಂದು ಬರೆದಿದೆ?" ನಮಗೆ ಗೊತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಕೇರಳದ ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ತುಟ್ಟಿಭತ್ತೆಗೆ ಸಾಮಾನ್ಯವಾಗಿ ಹಿಡಿಯುವುದು ದೆಹಲಿಯಿಂದ ತಿಂಗಳಿಗೊಮ್ಮೆ ಬರುವ ಈ ಅಂಕೆಯನ್ನಲ್ಲ. ರಾಜ್ಯದ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಇಲಾಖೆ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕವನ್ನು ಹಿಡಿಯುತ್ತಾರೆ. ಇಷ್ಟು ಅಂಶದ ಮೇಲೆ ಏರಿದ ಪ್ರತಿ ಅಂಶಕ್ಕೆ ಇಷ್ಟು ರೂಪಾಯಿ ಎಂದು ಬರೆದಿರುತ್ತದೆ. ಕೇಂದ್ರದ ಲೇಬರ್ ಬ್ಯೂರೋ ಕೈಗಾರಿಕಾ ಕಾರ್ಮಿಕರಿಗೆಂದು ಬೇರೆ ಸೂಚ್ಯಂಕ ಹೊರಡಿಸುತ್ತದೆ, ಅದರ ಮೂಲ ವರ್ಷ 2016. ಹೀಗೆ ನಾಲ್ಕು ತಕ್ಕಡಿಗಳಿವೆ. ಕಚೇರಿಯಲ್ಲಿ ನಮ್ಮ ಮುಂದೆ ಸರಿಸಿದ ಪತ್ರಿಕೆಯ ಅಂಕೆಗೂ ನಮ್ಮ ಒಪ್ಪಂದಕ್ಕೂ ಸಂಬಂಧವೇ ಇರಲಿಲ್ಲ. ಮೀನು ತೂಗುವ ತಕ್ಕಡಿಗೆ ಚಿನ್ನದ ಬೊಟ್ಟು ಹಾಕಿದ ಹಾಗೆ. ನಮಗೆ ಅದು ಆಗಲೇ ಗೊತ್ತಿದ್ದರೆ ಒಂದು ವಾಕ್ಯದಲ್ಲಿ ಉತ್ತರ ಮುಗಿಯುತ್ತಿತ್ತು, ಚಹಾ ಬಿಸಿಯಿದ್ದಾಗಲೇ ಕುಡಿಯಬಹುದಿತ್ತು.

ಕಾಗದ ಓದುವುದು ನಮ್ಮ ಊರಿನಲ್ಲಿ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಸರಕಾರಿ ಆದೇಶ ಮಲಯಾಳದಲ್ಲಿ ಬರುತ್ತದೆ, ನಿಮ್ಮ ಪಠ್ಯ ಇಂಗ್ಲಿಷಿನಲ್ಲಿದೆ, ಸಭೆಯ ಜಗಳ ತುಳುವಿನಲ್ಲಿ ನಡೆಯುತ್ತದೆ, ಪ್ರಾರ್ಥನೆ ಕೊಂಕಣಿಯಲ್ಲೋ ಕನ್ನಡದಲ್ಲೋ. ಕನ್ನಡ ಶಾಲೆಯಲ್ಲಿ ಓದಿದ ಕೂಲಿಕಾರ ಮಲಯಾಳದ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತುವ ಬದಲು ಸಹಿ ಹಾಕುತ್ತಾನೆ, ವ್ಯತ್ಯಾಸ ಅಷ್ಟೇ. ನೀವು ಮಕ್ಕಳು ಮೂರೂ ಲಿಪಿ ಓದುತ್ತೀರಿ. ನಮ್ಮ ಯೂನಿಯನ್ನಿಗೆ ಬೇಕಾಗಿರುವುದು ಭಾಷಣಕಾರರಲ್ಲ, ಅದಕ್ಕೆ ನಾವೇ ಬೇಕಾದಷ್ಟು ಮಂದಿ ಇದ್ದೇವೆ.

ಈಗ ಉಪದೇಶಿಯ ಕೆಲಸ ಸ್ವಲ್ಪ ಮಾಡುತ್ತೇವೆ. ಬೆಲೆಯ ಸುದ್ದಿ ಬೈಬಲಿನಲ್ಲಿಯೂ ಇದೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಕೂಲಿಯವರನ್ನು ಕರೆದುಕೊಂಡು ಹೋಗುವ ಸಾಮತಿ ನಿಮಗೆ ಬಾಯಿಪಾಠ. ಅಲ್ಲಿ ದಿನಗೂಲಿ ಒಂದು ದಿನಾರಿ, ಒಂದು ಬೆಳ್ಳಿ ನಾಣ್ಯ. ಇನ್ನು ಪ್ರಕಟನೆ ಗ್ರಂಥದ 6ನೇ ಅಧ್ಯಾಯಕ್ಕೆ ಹೋಗಿ. ಕಪ್ಪು ಕುದುರೆಯ ಮೇಲೆ ತಕ್ಕಡಿ ಹಿಡಿದ ಸವಾರ ಬರುತ್ತಾನೆ. ಆಗ ಕೇಳುವ ಧ್ವನಿ ಬೆಲೆಯನ್ನು ಸಾರುತ್ತದೆ: ಒಂದು ದಿನಾರಿಗೆ ಒಂದು ಅಳತೆ ಗೋಧಿ, ಅಥವಾ ಮೂರು ಅಳತೆ ಜವೆಗೋಧಿ. ಆ ಅಳತೆಯ ಗೋಧಿ ಒಬ್ಬ ಮನುಷ್ಯನ ಒಂದು ದಿನದ ಊಟ ಎಂದು ಪಂಡಿತರು ವಿವರಿಸುತ್ತಾರೆ. ಎರಡು ಅಧ್ಯಾಯಗಳನ್ನು ಒಟ್ಟಿಗೆ ಇಟ್ಟು ಓದಿ. ಇಡೀ ದಿನ ದುಡಿದವನ ಕೂಲಿ ಅವನೊಬ್ಬನ ಹೊಟ್ಟೆಗೇ ಸರಿಯಾಯಿತು. ಹೆಂಡತಿ ಮಕ್ಕಳಿಗೂ ಬೇಕಾದರೆ ಗೋಧಿ ಬಿಟ್ಟು ಕೀಳು ಧಾನ್ಯಕ್ಕೆ ಇಳಿಯಬೇಕು. ಎಣ್ಣೆಗೂ ದ್ರಾಕ್ಷಾರಸಕ್ಕೂ ಕೇಡು ಮಾಡಬೇಡ ಎಂದು ಅದೇ ಧ್ವನಿ ಹೇಳುವುದನ್ನು ಉಳ್ಳವರ ಮೇಜಿಗೆ ಏನೂ ಕೊರತೆಯಾಗಲಿಲ್ಲ ಎಂದು ಓದುವವರೂ ಇದ್ದಾರೆ. ಕೂಲಿಯ ನಾಣ್ಯ ಅದೇ, ಅದರೊಳಗಿನ ಗೋಧಿ ಕಡಿಮೆ. ನಿಮ್ಮ ಪುಸ್ತಕ ಇದನ್ನೇ ನೈಜ ಕೂಲಿ ಎನ್ನುತ್ತದೆ.

ನಮ್ಮ ಲೆಕ್ಕವನ್ನೂ ಹಾಗೆಯೇ ಮಾಡಿ. 500 ರೂಪಾಯಿಯ ದಿನಗೂಲಿಗೆ 250ರ ಧಾರಣೆಯಲ್ಲಿ ಎರಡು ಕಿಲೋ ತೆಂಗಿನೆಣ್ಣೆ. 450ಕ್ಕೆ ಒಂದು ಕಿಲೋದ ಮೇಲೆ ಒಂದು ಲೋಟ. ನಾವು ಏನು ಮಾಡಿದೆವು? ಆ ಕಾಲದವರು ಜವೆಗೋಧಿಗೆ ಇಳಿದ ಹಾಗೆ ಪಾಮೋಲಿನ್‌ಗೆ ಇಳಿದೆವು. ಬಂಗುಡೆಯಿಂದ ಬೂತಾಯಿಗೆ, ಬೂತಾಯಿಯಿಂದ ಒಣಮೀನಿಗೆ ಇಳಿಯುವುದು ಹೊಸತೇನಲ್ಲ. ಹೀಗೆ ಇಳಿದಾಗ ಖರ್ಚು ಅಷ್ಟೇನೂ ಏರುವುದಿಲ್ಲ. ಆದುದರಿಂದ ತಿಂಗಳ ಖರ್ಚಿನ ಮೊತ್ತ ಮಾತ್ರ ನೋಡಿದವರಿಗೆ "ಇವರಿಗೆ ತುಟ್ಟಿಯೇ ತಾಗಲಿಲ್ಲ" ಎಂದು ಕಾಣುತ್ತದೆ. ಏನನ್ನು ತಿನ್ನುವುದು ಬಿಟ್ಟರು ಎಂಬುದನ್ನು ಬರೆದಿಡುವವರು ಯಾರೂ ಇಲ್ಲ.

ಮೂನ್ನಾರಿನ ತಾಯಂದಿರು 2015ರ ಸೆಪ್ಟೆಂಬರಿನಲ್ಲಿ ಇದನ್ನು ಬೇರೆ ರೀತಿಯಲ್ಲಿ ಹೇಳಿದರು. ಚಹಾ ಎಲೆ ಕೀಳುವ ಸಾವಿರಾರು ಹೆಂಗಸರು ರಸ್ತೆಯಲ್ಲಿ ಕುಳಿತರು. ಬೋನಸು ಹಿಂದಿನ ವರ್ಷಕ್ಕಿಂತ ತೀರ ಕಡಿಮೆಯಾಗಿತ್ತು, ದಿನಗೂಲಿ 232 ರೂಪಾಯಿ. ಕಂಪೆನಿಯ ಲಾಭ ಇಳಿದಿದೆ ಎಂಬ ಅಂಕೆಯನ್ನು ಅವರಿಗೂ ತೋರಿಸಲಾಯಿತು. ಅವರು ಅಡುಗೆಮನೆಯ ಲೆಕ್ಕ ತೋರಿಸಿದರು, 500 ಬೇಕೆಂದರು. ಅಕ್ಟೋಬರಿನಲ್ಲಿ ಚಹಾ ತೋಟದ ಕೂಲಿ 301, ರಬ್ಬರಿನದು 381 ಎಂದು ತೀರ್ಮಾನವಾಯಿತು. ಕೇಳಿದಷ್ಟು ಸಿಗಲಿಲ್ಲ. ಅವರು ಯೂನಿಯನ್ ಮುಖಂಡರನ್ನೂ ಹತ್ತಿರ ಸೇರಿಸಲಿಲ್ಲ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಲೆಕ್ಕ ತಿಳಿಯದ ಮುಖಂಡರನ್ನು ದೂರ ಇಟ್ಟದ್ದು ಸರಿಯೇ.

ಕೂಲಿ ಏರಿಸಿದರೆ ತೋಟ ಮುಚ್ಚುತ್ತದೆ, ಕೆಲಸವೇ ಹೋಗುತ್ತದೆ ಎಂದು ಪುಸ್ತಕದಲ್ಲಿದೆಯಲ್ಲ ಎಂದು ಒಬ್ಬ ಕೇಳಿದ್ದಾನೆ. ಇದಕ್ಕೆ ಸುಲಭದ ಉತ್ತರ ನಮ್ಮಲ್ಲಿ ಇಲ್ಲ. ರಬ್ಬರಿನದನ್ನು ನೋಡಿ. 2011ರಲ್ಲಿ ಕಿಲೋಗೆ 240ರ ಹತ್ತಿರ ಹೋದ ಶೀಟು 2016ರ ಆರಂಭದಲ್ಲಿ ನೂರಕ್ಕಿಂತ ಕೆಳಗೆ ಬಿತ್ತು. 2024ರ ಆಗಸ್ಟಿನಲ್ಲಿ ಮತ್ತೆ 240 ದಾಟಿತು. ಈ ಏರಿಳಿತವನ್ನು ಪೈವಳಿಕೆಯ ಟ್ಯಾಪರನ ಕೂಲಿ ಮಾಡಲಿಲ್ಲ. ಬ್ಯಾಂಕಾಕಿನ ಪೇಟೆ, ಚೀನದ ಟಯರು, ಕಚ್ಚಾ ಎಣ್ಣೆ, ಆಮದು, ಇವೆಲ್ಲ ಸೇರಿ ಮಾಡಿದವು. ಬೆಲೆ ಬಿದ್ದಾಗ ಎಷ್ಟೋ ಮರಗಳಿಗೆ ಕತ್ತಿ ತಾಗಿಸದೆ ಬಿಟ್ಟರು, ಟ್ಯಾಪಿಂಗ್ ದಿನ ಕಡಿಮೆಯಾಯಿತು, ಅದು ನಿಜ. ಸಣ್ಣ ಬೆಳೆಗಾರನ ಸಂಕಟವೂ ನಿಜ, ಅವನಿಗೆ ರಾಜ್ಯ ಸರಕಾರ 2015ರಿಂದ 150 ರೂಪಾಯಿಯ ಭರವಸೆ ಬೆಲೆಯ ಯೋಜನೆ ತಂದಿತು, ಮುಂದೆ ಅದನ್ನು ಏರಿಸುತ್ತ ಬಂದಿತು. ಬೆಲೆ ಬಿದ್ದ ವರ್ಷದ ನಷ್ಟದಲ್ಲಿ ಟ್ಯಾಪರನಿಗೂ ಪಾಲು ಸಿಕ್ಕಿತು, ಕೆಲಸವಿಲ್ಲದ ದಿನಗಳ ರೂಪದಲ್ಲಿ. 240 ಆದ ವರ್ಷ ಅವನ ಪಾಲು ಎಲ್ಲಿ ಎಂದು ಪುಸ್ತಕ ಬರೆದವರನ್ನು ನೀವು ಪರೀಕ್ಷೆಯ ಹೊರಗೆ ಕೇಳಿ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿದ್ದದ್ದನ್ನೇ ಬರೆಯಿರಿ, ಮಾರ್ಕು ಹೋದರೆ ನಿಮ್ಮ ತಾಯಿ ನಮ್ಮನ್ನು ಬಿಡಲಿಕ್ಕಿಲ್ಲ.

1891ರಲ್ಲಿ ಹದಿಮೂರನೇ ಲಿಯೋ ಪಾಪು ಸ್ವಾಮಿಯವರು ಕಾರ್ಮಿಕರ ವಿಷಯವಾಗಿ ವಿಶ್ವಪತ್ರ ಬರೆದಾಗ, ಇಬ್ಬರೂ ಒಪ್ಪಿ ಸಹಿ ಹಾಕಿದರು ಎಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬದುಕುವ ಕೆಲಸಗಾರನ ಜೀವನಕ್ಕೆ ಅದು ಸಾಕಾಗಬೇಕು ಎಂಬ ಅರ್ಥದ ಮಾತು ಹೇಳಿದ್ದರು. 2025ರ ಮೇ ತಿಂಗಳಲ್ಲಿ ಆರಿಸಿ ಬಂದ ಪಾಪು ಸ್ವಾಮಿಯವರು ಅದೇ ಹೆಸರನ್ನು ಇಟ್ಟುಕೊಂಡಿದ್ದಾರೆ. ಸಾಕಾಗುತ್ತದೆಯೇ ಇಲ್ಲವೇ ಎಂದು ಹೇಳಲು ಮನೆಯ ಲೆಕ್ಕ ಬೇಕಷ್ಟೇ. ಅದು ನಮ್ಮಲ್ಲಿ ಯಾರ ಹತ್ತಿರವೂ ಬರೆದು ಇಟ್ಟದ್ದಿಲ್ಲ.

ಕಳೆದ ಡಿಸೆಂಬರಿನಿಂದ ಹನ್ನೊಂದು ಮನೆಗಳಲ್ಲಿ ಈ ಮಕ್ಕಳು ಒಂದು ನೋಟುಪುಸ್ತಕ ಇಟ್ಟಿದ್ದಾರೆ. ಅಕ್ಕಿ (ಹಳದಿ, ಗುಲಾಬಿ ಕಾರ್ಡಿನ ಮನೆಯಾದರೆ ರೇಷನಿನದು ಬೇರೆ, ಅಂಗಡಿಯದು ಬೇರೆ), ಎಣ್ಣೆ, ಮೀನು, ಸಕ್ಕರೆ, ಚಹಾಪುಡಿ, ಗ್ಯಾಸು, ಉಪ್ಪಳಕ್ಕೆ ಹೋಗಿ ಬರುವ ಬಸ್ಸು, ಮೊಬೈಲಿಗೆ ಹಾಕಿಸುವ ದುಡ್ಡು, ಔಷಧ. ಮೊಬೈಲಿನವರು 2024ರ ಜುಲೈಯಲ್ಲಿ ಒಮ್ಮೆಲೇ ದರ ಏರಿಸಿದ್ದು ನೆನಪಿರಬಹುದು, ಈಗ ಅದಿಲ್ಲದೆ ಮಕ್ಕಳ ಪಾಠವೂ ಇಲ್ಲ, ಮೇಸ್ತ್ರಿಯ ಕರೆಯೂ ಇಲ್ಲ. ಮೂರು ಮನೆಯವರು ಎರಡನೇ ತಿಂಗಳಿಗೇ ಬಿಟ್ಟರು. ಒಂದು ಮನೆಯಲ್ಲಿ ಗಂಡನ ಶರಾಬಿನ ಕಾಲಂ ಹಾಕಬೇಕೇ ಬೇಡವೇ ಎಂದು ಜಗಳವಾಗಿ ನಮ್ಮನ್ನೇ ಕರೆಸಬೇಕಾಯಿತು. ಹಾಕಬೇಕು ಎಂದೆವು. ಅವರಿಗೆ ಇನ್ನೂ ನಮ್ಮ ಮೇಲೆ ಸಿಟ್ಟಿದೆ.

ತೋಟದವರೊಂದಿಗೆ ಎರಡನೆಯ ಮಾತುಕತೆ ಆಗಿದೆ. ಈ ಸಲ ಒಪ್ಪಂದದ ಕಾಗದ, ಇಲಾಖೆಯ ಸೂಚ್ಯಂಕ, ಎಂಟು ಮನೆಗಳ ನೋಟುಪುಸ್ತಕ ತೆಗೆದುಕೊಂಡು ಹೋದೆವು. ಆ ಹುಡುಗಿಯ ತಾಯಿಯೂ ಬಂದು ಕುಳಿತರು. ಮೇಜಿನ ಆಚೆಗಿದ್ದವರು ನೋಟುಪುಸ್ತಕಗಳನ್ನು ಒಂದೊಂದಾಗಿ ತಿರುವಿ ನೋಡಿದರು, ಪತ್ರಿಕೆ ಹೊರಬರಲಿಲ್ಲ. ತೀರ್ಮಾನವಾಗಲಿಲ್ಲ. ಬಾಕಿ ಬಿದ್ದ ತುಟ್ಟಿಭತ್ತೆಯ ಲೆಕ್ಕವನ್ನು ತಾವೂ ಪರಿಶೀಲಿಸಿ ಹೇಳುತ್ತೇವೆ ಎಂದಿದ್ದಾರೆ.

ದೇಶದ ಅಂಕೆ ಪ್ರತಿ ತಿಂಗಳು 12ರ ಹೊತ್ತಿಗೆ ಬರುತ್ತದೆ. ಅದರ ನಂತರದ ಭಾನುವಾರ ಪೂಜೆ ಮುಗಿದ ಮೇಲೆ ಈ ಹಾಲಿನ ಹೊರಗಿನ ಬೋರ್ಡಿನಲ್ಲಿ ದೇಶದ್ದು, ಕೇರಳದ್ದು, ನಮ್ಮ ಎಂಟು ಮನೆಗಳದ್ದು ಎಂದು ಮೂರು ಸಾಲು ಬರೆಯುವುದೆಂದು ಮಕ್ಕಳು ಒಪ್ಪಿದ್ದಾರೆ. ಮಲಯಾಳದ ಕಾಗದ ಬಂದರೆ ಕನ್ನಡಕ್ಕೆ ಇಳಿಸಿ ಓದಿ ಹೇಳುತ್ತಾರೆ. ಬಿಟ್ಟುಹೋದ ಮೂರು ಮನೆಯವರು ಹಿಂದಿನ ಬೆಂಚಿನಲ್ಲೇ ಇದ್ದೀರಿ, ನಾವು ಹೆಸರು ಹಿಡಿದು ಕರೆಯುವುದಿಲ್ಲ. ಅಂಗಡಿಯ ಚೀಟಿಗಳನ್ನು ಒಲೆಗೆ ಹಾಕದೆ ಒಂದು ಡಬ್ಬದಲ್ಲಿ ಹಾಕಿಡಿ, ಬರೆಯುವ ಕೆಲಸ ಮಕ್ಕಳು ಮಾಡುತ್ತಾರೆ.